ಕಾವಿಗೆ ಕೂತ ಜೀಪು

ಅಡಿಕೆ ರೇಟು ಗೊತ್ತಿದ್ದವನಿಗೆ ಎಲ್ಲದರ ರೇಟೂ ಗೊತ್ತಿರುತ್ತದೆ ಎಂಬುದು ತೀರ್ಥಹಳ್ಳಿ ಕಡೆಯ ನಂಬಿಕೆ. ಹಾಗಾಗಿ, ಕೊಟ್ಟಿಗೆ ಪಕ್ಕದ ಹಳೇ ವಿಲ್ಲೀಸ್ ಸ್ಟೇಷನ್ ವ್ಯಾಗನ್ ಜೀಪಿಗೆ ಎಷ್ಟು ಹೇಳಬಹುದು ನೋಡು ಬಾ ಎಂದು ಚಿಕ್ಕಪ್ಪ ಕರೆದಾಗ ಧೈರ್ಯವಾಗಿಯೇ ಹೋದೆ. ಕೊಳ್ಳಲು ಬೆಂಗಳೂರಿನಿಂದ ಒಬ್ಬ ಹುಡುಗ ಬಂದಿದ್ದ.

ಮೊದಲೆಲ್ಲ ಅಮೆರಿಕದ ಸ್ಟೇಷನ್ ವ್ಯಾಗನ್ನುಗಳ ಮೈ ಹೆಚ್ಚಾಗಿ ಮರದ್ದೇ. 1946ರಲ್ಲಿ ವಿಲ್ಲೀಸ್ ಕಂಪನಿ ಪೂರ್ತಿ ಉಕ್ಕಿನ ಮೈ ಮಾಡಿತು. ಮಾಡಿದವರು ಆಗುಂಬೆಯ ಮಳೆ ನೋಡಿದವರಲ್ಲ. ವರ್ಷಕ್ಕೆ ಸುಮಾರು 7,500 ಮಿಲಿಮೀಟರ್ ಸುರಿಯುವಲ್ಲಿ ಮರವೇ ವಾಸಿ. ನಮ್ಮನೆ ಹಲಸಿನ ಕಂಬ ಇನ್ನೂ ನಿಂತಿದೆ, ಜೀಪಿನ ಬಾಗಿಲು ನಿಂತಿಲ್ಲ.

ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿಯಿಂದ ಮೈಯುದ್ದಕ್ಕೂ ತಟ್ಟಿದ. ಟಣ್ ಎಂದಲ್ಲಿ ತಗಡು, ಡುಬ್ ಎಂದಲ್ಲಿ ಪುಟ್ಟಿ. "ಚಾಸಿ ಗಟ್ಟಿ ಇದೆ ಗೌಡ್ರೇ. ಹಿಂದಿನ ಫ್ಲೋರು ಮಾತ್ರ ಹಪ್ಪಳ."

ಕಾರಣ ನನಗೆ ಗೊತ್ತಿತ್ತು. ಎಷ್ಟೋ ಮಳೆಗಾಲ, ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತದ ಚೀಲ ಅಲ್ಲೇ ಬಿದ್ದಿತ್ತು. ಮೈಲುತುತ್ತದ ನೀರು ತಗುಲಿದರೆ ಕಬ್ಬಿಣ ಕರಗಿ, ಆ ಜಾಗದಲ್ಲಿ ತಾಮ್ರ ಕೂರುತ್ತದೆ. ಕೊಳೆರೋಗ ಅಡಿಕೆಗೆ ತಗುಲದಂತೆ ಕಾದು ಜೀಪಿಗೆ ತಗುಲಿಸಿಕೊಂಡಿದ್ದೆವು. ಇದನ್ನು ಹೇಳಿದ್ದೇ ತಪ್ಪಾಯಿತು. "ಹಾಗಾದ್ರೆ ತಾಮ್ರದ ರೇಟು ಹಿಡಿಯೋ ಮಾರಾಯ" ಎಂದರು ಚಿಕ್ಕಪ್ಪ.

ನಾನು ಅಡಿಕೆ ಮಂಡಿಯ ಕ್ರಮದಲ್ಲಿ, ಮೇಲಿನ ದರ್ಜೆಯಿಂದ ಕೆಳಕ್ಕೆ ಆರಿಸಿದೆ: ಚಾಸಿ ಸರಕು, ಎಂಜಿನ್ ರಾಶಿ, ಫ್ಲೋರು ಗೊರಬಲು. ಮೇಲೆ ಹೊಡೆಸಿದ್ದ ಕೆಂಪು ಪೇಂಟು, ಗೊರಬಲಿಗೆ ಬಣ್ಣ ಬರಲೆಂದು ಹಾಕಿದ ಚೊಗರು.

ಪೆಟ್ರೋಲ್ ಎಂಜಿನ್ ಕೀಳಿಸಿ ಡೀಸೆಲ್ ಕೂರಿಸಿದ್ದಕ್ಕೆ ಒಂದಿಷ್ಟು ಏರಿಸುವ ಅಂದಾಜು ಚಿಕ್ಕಪ್ಪನದು. ಹುಡುಗ ಅದಕ್ಕೇ ಇಳಿಸಿದ. 2021ರ ಕೇಂದ್ರದ ನಿಯಮದಂತೆ 50 ವರ್ಷ ದಾಟಿ, ಮೂಲರೂಪ ಕೆಡದೆ ಉಳಿದದ್ದು ಮಾತ್ರ ವಿಂಟೇಜ್. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ. ಆಮೇಲೂ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ.

"ಓಡಿಸದೇ ಇರೋದಕ್ಕೆ ಇಪ್ಪತ್ತು ಸಾವಿರವಾ? ನಾವು ಹತ್ತು ವರ್ಷದಿಂದ ಪುಕ್ಕಟೆ ಓಡಿಸದೇ ಇಟ್ಟಿದ್ದೀವಲ್ಲೋ!"

ಗುಜರಿಯವನು ಕೆಜಿ ಲೆಕ್ಕದಲ್ಲಿ ಹೇಳಿದ್ದಕ್ಕಿಂತ ಕೆಳಗಿಳಿಯುವಂತಿರಲಿಲ್ಲ. ಮೇಲಕ್ಕೆ ಮಾತ್ರ ಅಂಕೆಯೇ ಇರಲಿಲ್ಲ. ಚಿಕ್ಕಮ್ಮನ ದಿಬ್ಬಣ ಬಂದದ್ದು ಇದರಲ್ಲೇ ಎಂದಾಗ ಐದು ಸಾವಿರ ಏರಿತು. ಜ್ವರ ಬಂದ ನನ್ನನ್ನು ನಡುರಾತ್ರಿ ಪೇಟೆಗೆ ಒಯ್ದದ್ದೂ ಇದರಲ್ಲೇ ಎಂದಾಗ, ರೇಟು ಕಟ್ಟಲು ಬಂದ ನಾನೇ ಇನ್ನೂ ಹತ್ತು ಏರಿಸಿದೆ.

ಹುಡುಗ ಪಾಪ, ಒಪ್ಪಿಬಿಟ್ಟ! ಅಡ್ವಾನ್ಸಿಗೆ ಕೈ ಹಾಕಿದವನೇ ಹಿಂಬಾಗಿಲು ಎಳೆದ. ಒಳಗೆ ಕಾವಿಗೆ ಕೂತಿದ್ದ ಹೇಂಟೆ ರೆಕ್ಕೆ ಕೆದರಿ ಅವನ ಕೈಗೇ ಕುಕ್ಕಿತು.

ಚಿಕ್ಕಪ್ಪನ ಮುಖ ಅರಳಿತು. "ಕಾವಿಗೆ ಇಪ್ಪತ್ತೊಂದು ದಿನ. ಅದು ಏಳೋ ತನಕ ವ್ಯಾಪಾರ ಬೇಡ" ಎಂದು ಬಾಗಿಲು ಮೆಲ್ಲಗೆ ಮುಚ್ಚಿ, ನನ್ನ ಕಿವಿಯಲ್ಲಿ ಹೇಳಿದರು: "ಅಷ್ಟರೊಳಗೆ ರೇಟೂ ಏರಬಹುದು."

ಅಟ್ಟದ ಮೇಲೆ ಹೋದ ವರ್ಷದ ಅಡಿಕೆಯೂ ಇದೇ ಮಾತು ಕೇಳಿಸಿಕೊಂಡು ಕೂತಿದೆ.