ಬ್ರಹ್ಮಗಿರಿಯ ಬಿಲ್ಟಿ: ಕೊಂಡ್ಲಹಳ್ಳಿಗೆ ಕಾರು ತರಿಸುವ ಶಾಸ್ತ್ರದ ಪ್ರಾಚೀನತೆಯನ್ನು ಕುರಿತು

ದೆಹಲಿಯಿಂದಲೋ ಪುಣೆಯಿಂದಲೋ ಕೊಂಡ್ಲಹಳ್ಳಿಗೆ ಟ್ರಾನ್ಸ್‌ಪೋರ್ಟ್ ಕಂಪನಿಯ ಮೂಲಕ ಕಾರು ತರಿಸುವುದು ತೀರಾ ಈಚಿನ ಪದ್ಧತಿ ಎಂದು ಸಾಮಾನ್ಯರು ನಂಬಿದ್ದಾರೆ. ವಿದ್ವಾಂಸರು ಈ ಬಗ್ಗೆ ಏನನ್ನೂ ನಂಬಿಲ್ಲ; ಯೋಚಿಸಿದ್ದರಲ್ಲವೇ ನಂಬುವುದು. ಮೊಳಕಾಲ್ಮೂರು ತಾಲ್ಲೂಕೆಂದರೆ ರೇಷ್ಮೆ ಸೀರೆ, ಚಳ್ಳಕೆರೆಯೆಂದರೆ ಶೇಂಗಾ ಎಣ್ಣೆ ಎಂಬಲ್ಲಿಗೇ ನಮ್ಮ ಸಂಶೋಧನೆ ನಿಂತುಬಿಟ್ಟಿದೆ. ಪ್ರಸ್ತುತ ಪ್ರಬಂಧದ ಸಿದ್ಧಾಂತ ಇಷ್ಟು: ಕಾರು ಸಾಗಣೆಯ ಶಾಸ್ತ್ರ ಕ್ರಿ.ಪೂ. 3ನೇ ಶತಮಾನದಲ್ಲೇ ಕೊಂಡ್ಲಹಳ್ಳಿಯಿರುವ ಇದೇ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಪರಿಪೂರ್ಣವಾಗಿತ್ತು. ಆಗ ಕೊರತೆಯಿದ್ದದ್ದು ಕಾರಿಗೆ ಮಾತ್ರ.

ಮೊದಲ ಪ್ರಮಾಣ ಅಶೋಕನ ಶಾಸನ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಈ ಬರಹ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆ ಇದೆ. ಒಂದೇ ಒಕ್ಕಣೆಯನ್ನು ಕೂಗಳತೆಯ ಊರುಗಳಲ್ಲಿ ಮೂರು ಸಲ ಕೆತ್ತಿಸಿದ್ದೇಕೆ ಎಂದು ಇತಿಹಾಸಕಾರರು ತಲೆ ಕೆಡಿಸಿಕೊಂಡರೆ, ಲಾರಿ ಆಫೀಸಿನ ಗುಮಾಸ್ತನಿಗೆ ಅದು ಒಂದು ನೋಟಕ್ಕೇ ತಿಳಿಯುತ್ತದೆ. ಕಳಿಸುವವನಿಗೊಂದು, ಪಡೆಯುವವನಿಗೊಂದು, ಗಾಡಿಯ ಜೊತೆಗೊಂದು. 2007ರ ರಸ್ತೆ ಸಾಗಣೆ ಕಾಯ್ದೆಯೂ ಸರಕಿನ ರಸೀದಿ, ಅಂದರೆ ಬಿಲ್ಟಿ, ಮೂರು ಪ್ರತಿಗಳಲ್ಲಿರಬೇಕು, ಮೂಲಪ್ರತಿ ಕಳಿಸುವವನ ಕೈ ಸೇರಬೇಕು ಎನ್ನುತ್ತದೆ. ಜಟಿಂಗ ರಾಮೇಶ್ವರದ ಪ್ರತಿ ಓದಲಾಗದಷ್ಟು ಸವೆದಿರುವುದಕ್ಕೆ ಗಾಳಿಮಳೆಯನ್ನು ದೂರುವುದು ವಾಡಿಕೆ. ಆದರೆ ಮೂರನೆಯ ಪ್ರತಿ ಯಾವ ಕಾಲದಲ್ಲಿ ತಾನೇ ಸ್ಪಷ್ಟವಾಗಿ ಮೂಡಿತ್ತು? ಒಕ್ಕಣೆಯ ಆರಂಭವನ್ನೂ ನೋಡಬೇಕು. ಸುವರ್ಣಗಿರಿಯಿಂದ ರಾಜಕುಮಾರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಬ್ರಹ್ಮಗಿರಿಯ ಬಳಿಯ ಅಂದಿನ ಊರಾದ ಇಸಿಲದ ಮಹಾಮಾತ್ರರಿಗೆ ಕಳಿಸಿದ್ದು, ಮೊದಲು ಅವರ ಆರೋಗ್ಯ ವಿಚಾರಿಸುವುದು. ಎಲ್ಲಿಂದ, ಎಲ್ಲಿಗೆ, ಯಾರಿಂದ, ಯಾರಿಗೆ: ಬಿಲ್ಟಿಯ ನಾಲ್ಕು ಕಲಮುಗಳೂ ಭರ್ತಿಯಾಗಿವೆ. ‘ಸರ್, ಆರಾಮಿದ್ದೀರಾ?’ ಎಂದು ವಿಚಾರಿಸಿಕೊಂಡೇ ಗಾಡಿ ತಡವಾಗುವ ಸುದ್ದಿ ಹೇಳುವ ಬುಕಿಂಗ್ ಆಫೀಸಿನ ಶಿಷ್ಟಾಚಾರಕ್ಕೂ ಇದೇ ಮೂಲ. ಕೊನೆಯಲ್ಲಿ ಚಪಡನೆಂಬ ಲಿಪಿಕಾರನ ಸಹಿಯಿದೆ. ಇಡೀ ಶಾಸನ ಬ್ರಾಹ್ಮಿಯಲ್ಲಿದ್ದರೂ ತನ್ನ ಹುದ್ದೆಯನ್ನು ಮಾತ್ರ ಅವನು ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಸರಕು ಬಿಡಿಸಿಕೊಳ್ಳುವ ಊರಿನಲ್ಲಿ ಯಾರಿಗೂ ಓದಲು ಬಾರದಂತೆ ಸಹಿ ಹಾಕುವುದು ಸಾರಿಗೆ ಗುಮಾಸ್ತಿಕೆಯ ಜೀವಾಳವಾದ್ದರಿಂದ ಇದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಎರಡನೆಯ ಪ್ರಮಾಣ ಶಾಸನದಲ್ಲಿ ಬರುವ 256 ಎಂಬ ಅಂಕಿ. ಇದು ಬುದ್ಧನ ನಿರ್ವಾಣದಿಂದ ಕಳೆದ ವರ್ಷಗಳ ಲೆಕ್ಕವೆಂದು ವಿದ್ವಾಂಸ ಬ್ಯೂಲರ್ ವಾದಿಸಿದರು. ಪ್ರವಾಸದಲ್ಲಿ ಕಳೆದ ರಾತ್ರಿಗಳೆಂಬುದು ಆಮೇಲಿನವರ ಮತ. ಎರಡನೆಯದು ಸತ್ಯಕ್ಕೆ ಹತ್ತಿರವಾಗಿದೆ, ಆದರೆ ಪ್ರವಾಸ ಹೊರಟದ್ದು ಯಾರು ಎಂಬಲ್ಲಿ ಎಡವಿದೆ. ‘ಎಂಟು-ಹತ್ತು ದಿನದಲ್ಲಿ ತಲುಪುತ್ತೆ’ ಎಂದು ಬುಕ್ ಆದ ಸರಕು ನಿಜವಾಗಿ ದಾರಿಯಲ್ಲಿ ಕಳೆದ ರಾತ್ರಿಗಳನ್ನು ಹೀಗೆ ಬಂಡೆಯ ಮೇಲೆ ದಾಖಲಿಸುವ ಪ್ರಾಮಾಣಿಕತೆ ಮೌರ್ಯರ ನಂತರ ಕಾಣುವುದಿಲ್ಲ. ತಡಕ್ಕೆ ಕಾರಣ ಇಂದಿಗೂ ಅದೇ. ಆರೆಂಟು ಕಾರು ಹಿಡಿಸುವ ಟ್ರೈಲರು ಒಂದು ಕಾರಿಗಾಗಿ ಹೊರಡುವುದಿಲ್ಲ. ಅದೇ ದಿಕ್ಕಿನ ಉಳಿದ ಪಾರ್ಟಿಗಳು ಸಿಗುವವರೆಗೆ ನಿಮ್ಮ ಕಾರು ಯಾರ್ಡಿನಲ್ಲಿ ತಪಸ್ಸು ಮಾಡುತ್ತದೆ. ಫೋನಿನಲ್ಲಿ ಮಾತ್ರ ಅದು ಸದಾ ನಾಗಪುರ ದಾಟಿರುತ್ತದೆ.

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ: ಓಡುವುದಕ್ಕೆಂದೇ ಹುಟ್ಟಿದ ವಾಹನವನ್ನು ಇನ್ನೊಂದು ವಾಹನದ ಮೇಲೆ ಹೊರಿಸುವುದು ಅವಿವೇಕವಲ್ಲವೇ, ಓಡಿಸಿಕೊಂಡೇ ಬರಬಾರದೇ? ಅಶೋಕನೂ ತಾನೇ ಬಂದು ಹೇಳಬಹುದಿತ್ತು. ಬರಲಿಲ್ಲ, ಬರೆಸಿ ಕಳಿಸಿದ. ಕಾರು ಸಾಗಣೆಯಲ್ಲಿ ಮುಖ್ಯವಾಗಿ ಸಾಗುವುದು ಕಾಗದ, ಕಾರು ಅದರ ಬಾಲ. ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ, ಮಾಲೀಕನ ಗುರುತಿನ ಚೀಟಿ ಇವುಗಳ ನಕಲು ಕೊಡಬೇಕು. ಹತ್ತಿಸುವ ಮೊದಲು ಹಳೆಯ ಗೀರು, ಉಬ್ಬುತಗ್ಗು, ಓಡೋಮೀಟರಿನ ಅಂಕಿ ಎಲ್ಲವನ್ನೂ ಫೋಟೊ ಸಮೇತ ಬರೆಸಿ ಸಹಿ ಪಡೆಯಬೇಕು. ಟ್ಯಾಂಕಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಪೆಟ್ರೋಲ್ ಬಿಡಬಾರದು, ಡಿಕ್ಕಿಯಲ್ಲಿ ಪಾತ್ರೆಪಗಡ ತುಂಬಬಾರದು. ಸಾಗಣೆಯ ವಿಮೆ ಕಾರಿಗೇ ಹೊರತು ಕುಕ್ಕರಿಗಲ್ಲ. ಆ ವಿಮೆಯೂ ಬೇರೆ ಮಾಡಿಸಿದರೆ ಮಾತ್ರ. ಹೆಚ್ಚಿನ ಅಪಾಯದ ದರ ಕಟ್ಟಿರದಿದ್ದರೆ 2011ರ ನಿಯಮಗಳಂತೆ ಸಾಗಣೆದಾರನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೇ ಮುಗಿಯುತ್ತದೆ. ಬಾಡಿಗೆ 15,000 ಎಂದುಕೊಂಡರೆ ಎಂಟು ಲಕ್ಷದ ಕಾರು ಕಂದಕಕ್ಕೆ ಬಿದ್ದಾಗ ಸಿಗುವುದು ಒಂದೂವರೆ ಲಕ್ಷ. ಹಿಂದಿನ 1865ರ ಕಾಯ್ದೆಯಲ್ಲಿ ಬೆಲೆಬಾಳುವ ಸರಕಿನ ಮಿತಿ ನೂರು ರೂಪಾಯಿ ಇತ್ತೆಂಬುದನ್ನು ನೆನೆದು ಸಮಾಧಾನಪಡುವವರು ಪಡಬಹುದು. ಬಾಡಿಗೆಯಲ್ಲಿ ಸಾವಿರ ರೂಪಾಯಿ ಚೌಕಾಸಿ ಮಾಡಿ ಗೆದ್ದವರು ತಮ್ಮ ಪರಿಹಾರದಲ್ಲಿ ಹತ್ತು ಸಾವಿರ ಕಳೆದುಕೊಂಡದ್ದನ್ನು ಗಮನಿಸುವುದಿಲ್ಲ. ಇದಕ್ಕೆ ಹೋಲಿಸಿದರೆ 256ರ ಒಗಟು ಸುಲಭದ್ದು.

ಎರಡನೆಯ ಆಕ್ಷೇಪ ಸ್ಥಳೀಯರದು, ಆದ್ದರಿಂದ ಗಂಭೀರವಾದದ್ದು. ಶಾಸನ ಬಂದದ್ದು ಇಸಿಲಕ್ಕೆ. ಕೊಂಡ್ಲಹಳ್ಳಿಗೆ ಬಂದ ದಾಖಲೆ ಎಲ್ಲಿದೆ? ಇಲ್ಲ, ಇಲ್ಲದಿರುವುದೇ ಪ್ರಮಾಣ. ಡೋರ್ ಡೆಲಿವರಿ ಎಂದು ಬಿಲ್ಟಿಯಲ್ಲಿ ಬರೆದಿದ್ದರೂ 18 ಮೀಟರಿನ ಆಸುಪಾಸು ಉದ್ದವಿರುವ ಟ್ರೈಲರಿಗೆ ಮಗ್ಗದ ಸದ್ದಿನ ಓಣಿಯೊಳಗೆ ತಿರುಗಲು ಸಾಧ್ಯವಿಲ್ಲ. ಅದು ಬೆಂಗಳೂರಿನ ಹೊರವಲಯದ ಯಾರ್ಡಿನಲ್ಲಿ ಕಾರುಗಳನ್ನು ಇಳಿಸುತ್ತದೆ. ಮುಂದೆ ಒಬ್ಬ ಡ್ರೈವರು ನಿಮ್ಮ ಕಾರನ್ನೇ ಓಡಿಸಿಕೊಂಡು ಹಿರಿಯೂರು, ಚಳ್ಳಕೆರೆ, ತಳುಕಿನ ಮೇಲೆ ಬರುತ್ತಾನೆ. ಕೊನೆಯ ಇನ್ನೂರು ಚಿಲ್ಲರೆ ಕಿಲೋಮೀಟರು ಓಡೋಮೀಟರಿಗೆ ಸೇರುವುದು ಹೀಗೆ. ಓಡಿಸಬಾರದೆಂದೇ ಕಳಿಸಿದ ಕಾರು ಅಪರಿಚಿತನ ಕೈಯಲ್ಲಿ ಓಡಿ ಬಂದಂತಾಯಿತು. ಪೂರ್ವಪಕ್ಷದವರು ಇದನ್ನು ತಮ್ಮ ಗೆಲುವೆಂದು ಭಾವಿಸದಿರಲಿ. ಸಾಮ್ರಾಜ್ಯಗಳೂ ಮಹಾಮಾತ್ರರ ಕಚೇರಿಯವರೆಗೇ ತಲುಪುತ್ತವೆ, ಹಳ್ಳಿಗೆ ಡಂಗುರದವನು ಹೋಗಬೇಕು. ಚಳ್ಳಕೆರೆಯ ವಿಜ್ಞಾನ ನಗರಿಗೆ ವರ್ಗವಾಗಿ ಬರುವವರ ಕಾರಿಗೂ ಇದೇ ಗತಿ. ಬಂದ ಕಾರು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲೇ ನಿಂತರೆ ಹಳೆಯ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತಂದು, ಕರ್ನಾಟಕದ ತೆರಿಗೆ ಕಟ್ಟಿ, ಕೆಎ 16 ಎಂಬ ಚಿತ್ರದುರ್ಗದ ಲಾಂಛನ ಧರಿಸಬೇಕು.

ಉಳಿದದ್ದು ತಲುಪಿದ ಬಗ್ಗೆ ಸಹಿ. ಕಾರನ್ನು ಹಗಲು ಬೆಳಕಿನಲ್ಲಿ ಸುತ್ತಿ ನೋಡಿ, ಹೊಸ ಗೀರಿದ್ದರೆ ಚೀಟಿಯ ಮೇಲೆಯೇ ಬರೆದು, ಆಮೇಲೆ ಸಹಿ ಹಾಕಬೇಕು. ‘ಗೊತ್ತಿರೋರೇ ಅಲ್ವಾ, ಹಾಕಿ ಸರ್’ ಎಂಬ ಮಾತಿಗೆ ಕರಗಬಾರದು. ಇಸಿಲದ ಮಹಾಮಾತ್ರರು ಈ ವಿಷಯದಲ್ಲಿ ಅತಿ ಜಾಗರೂಕರು: ಒಕ್ಕಣೆ ಮುಟ್ಟಿತು ಎಂದು ಅವರು ಕೆತ್ತಿಸಿದ ಒಂದು ಅಕ್ಷರವೂ ಸಿಕ್ಕಿಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯನ್ನು ಅಗೆದು ಕಲ್ಲಿನ ಕೊಡಲಿ, ಬೃಹತ್ ಶಿಲಾಗೋರಿಗಳನ್ನು ಪದರ ಪದರವಾಗಿ ತೋರಿಸಿದರೇ ಹೊರತು ಸ್ವೀಕೃತಿಯನ್ನಲ್ಲ. ಹೀಗಾಗಿ ಸರಕು ತಲುಪಿಲ್ಲವೆಂದು ಸುವರ್ಣಗಿರಿಯವರು ದಾವೆ ಹೂಡಲು ಅವಕಾಶವಿದೆ ಎಂದು ಕೆಲವರಿಗೆ ತೋರಬಹುದು. ಆದರೆ ಬುಕಿಂಗ್ ದಿನದಿಂದ 180 ದಿನಗಳೊಳಗೆ ಸಾಗಣೆದಾರನಿಗೆ ಲಿಖಿತ ನೋಟಿಸು ಕೊಟ್ಟಿರಬೇಕು ಎಂದು ಕಾಯ್ದೆಯ 16ನೇ ಕಲಮು ಹೇಳುತ್ತದೆ. ಸರಕು ದಾರಿಯಲ್ಲೇ 256 ರಾತ್ರಿ ಕಳೆದಿರುವಾಗ, ಅದು ಇಸಿಲ ಮುಟ್ಟುವ ಎಪ್ಪತ್ತಾರು ದಿನ ಮೊದಲೇ ಚಕ್ರವರ್ತಿಯ ವಾಯಿದೆ ಮುಗಿದಿತ್ತು.