‘ಬೈಟು’ ಪದಾರ್ಥ ನಿರ್ಣಯ

ಆಂಗ್ಲಭಾಷೆಯಲ್ಲಿ ಹುಟ್ಟಿ, ಕನ್ನಡದಲ್ಲಿ ಬೆಳೆದು, ಈಗ ತವರಿನವರಿಗೇ ಗುರುತು ಸಿಕ್ಕದಷ್ಟು ಮೈತುಂಬಿಕೊಂಡಿರುವ ಶಬ್ದಗಳಲ್ಲಿ ‘ಬೈಟು’ ಅಗ್ರಗಣ್ಯವಾದುದು. ಬೆಂಗಳೂರಿನ ಹೋಟೆಲುಗಳಲ್ಲಿ ಬೆಳಗಿನಿಂದ ಇರುಳಿನವರೆಗೆ ಮಂತ್ರದಂತೆ ಉಚ್ಚರಿಸಲ್ಪಡುವ ಈ ಪದದ ಅರ್ಥನಿರ್ಣಯವೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಪೂರ್ವಪಕ್ಷಗಳು. ಇದು ಹಿಂದಿಯ ‘ಬೈಠೋ’ ಎಂಬುದರಿಂದ ಬಂದಿತೆಂದು ಹೇಳುವವರು ಉಂಟು. ಆದರೆ ದರ್ಶಿನಿಗಳಲ್ಲಿ ಬೈಟುವನ್ನು ನಿಂತೇ ಕುಡಿಯುವುದು ಸರ್ವವಿದಿತವಾದುದರಿಂದ ಈ ವಾದಕ್ಕೆ ಕುಳಿತುಕೊಳ್ಳಲು ಜಾಗವಿಲ್ಲ. ನಮ್ಮ ‘ಬೈ’ ಧಾತುವೇ ಇದರ ಮೂಲವೆಂಬುದು ಇನ್ನೊಂದು ಪಕ್ಷ. ನೂಕುನುಗ್ಗಲಿನ ವೇಳೆಯಲ್ಲಿ ಒಂದು ಬೈಟು ತರಿಸಿಕೊಂಡು ಮುಕ್ಕಾಲು ಗಂಟೆ ಮೇಜು ಬಿಡದವರನ್ನು ನೋಡುವ ಮಾಲೀಕನ ಮುಖಭಾವವು ಇದಕ್ಕೆ ಬಲವಾದ ಸಾಕ್ಷಿಯಾದರೂ, ಆತನು ಬೈಯುವುದು ಮನಸ್ಸಿನೊಳಗೇ ಆದಕಾರಣ ಅದನ್ನು ಶಬ್ದಪ್ರಮಾಣವೆಂದು ಒಪ್ಪಲಾಗದು.

ಪೂರ್ವಸೂರಿಗಳನ್ನು ಕೇಳೋಣವೆಂದರೆ, 1755ರಲ್ಲಿ ಇಂಗ್ಲಿಷಿಗೆ ಮಹಾಕೋಶ ಕಟ್ಟಿಕೊಟ್ಟ ಜಾನ್ಸನ್ ಪಂಡಿತನು ಪ್ರಸಿದ್ಧ ಚಹಾವ್ಯಸನಿ. ಕಾಫಿಯ ವಿಷಯದಲ್ಲಿ ಆತನ ಮಾತು ಆಪ್ತವಾಕ್ಯವಾಗದು. 13ನೆಯ ಶತಮಾನದ ಕೇಶಿರಾಜನಾದರೋ, ಬಾಬಾಬುಡನ್ ಅವರು ಏಳು ಕಾಫಿಬೀಜ ತಂದರೆಂದು ಐತಿಹ್ಯ ಹೇಳುವ ಕಾಲಕ್ಕೆ ನಾಲ್ಕು ಶತಮಾನ ಮೊದಲೇ ‘ಶಬ್ದಮಣಿದರ್ಪಣ’ವನ್ನು ಬರೆದು ಮುಗಿಸಿದ್ದನು. ಆದರೂ ದಾರಿ ತೋರುವುದು ವ್ಯಾಕರಣವೇ.

ಸಿದ್ಧಾಂತವಿದು: ಶಾಲೆಯ ಭಿನ್ನರಾಶಿಯಲ್ಲಿ ಅಡ್ಡಗೆರೆಯ ಮೇಲೊಂದು, ಕೆಳಗೆರಡು ಬರೆದು ‘ಒನ್ ಬೈ ಟೂ’ ಎಂದು ಓದುವುದುಂಟಷ್ಟೆ, ಅದರಲ್ಲಿ ‘ಒನ್’ ಲೋಪವಾಗಿ, ಉಳಿದ ಅವ್ಯಯವೂ ಸಂಖ್ಯೆಯೂ ಕೂಡಿಕೊಂಡು ನಾಮಪದವಾದುದೇ ‘ಬೈಟು’. ಅರ್ಥವು ಮಾತ್ರ ಗಣಿತಕ್ಕೆ ಅಧೀನವಲ್ಲ. ಮಾಣಿಯು ಎರಡು ಲೋಟಗಳನ್ನು ಕುಕ್ಕಿ ಹೋದೊಡನೆ ಇಬ್ಬರೂ ಮಾತು ನಿಲ್ಲಿಸಿ, ನೊರೆಯ ಮಟ್ಟವನ್ನು ಕಡೆಗಣ್ಣಿನಲ್ಲಿ ಅಳೆದು, ತುಸು ಹೆಚ್ಚಾಗಿರುವ ಲೋಟವನ್ನು ‘ನೀನು ತಗೊಳಯ್ಯಾ’ ಎಂದು ಪರಸ್ಪರ ಸರಿಸುವಾಗ, ಅರ್ಧವೆಂಬುದು ಅರ್ಧಕ್ಕಿಂತ ಮಿಗಿಲಾಗುತ್ತದೆ. ಒಂಟಿಯಾಗಿ ಬಂದವನು ಅರ್ಧ ಕಾಫಿ ಕೇಳಬಹುದು, ಬೈಟು ಕೇಳಲಾರನು. ಆದುದರಿಂದ ಈ ಪದಕ್ಕೆ ‘ಜೊತೆ’ ಎಂಬುದೇ ಮುಖ್ಯಾರ್ಥ, ಕಾಫಿ ಗೌಣ.

ಉಳಿದುದು ಒಂದು ಶಂಕೆ: ಲೋಪವಾದ ‘ಒನ್’ ಎಲ್ಲಿ ಹೋಯಿತು? ಕಾಫಿಯು ಭಾಗವಾಗುತ್ತದೆ, ಬಿಲ್ಲು ಭಾಗವಾಗದು. ಬರಿಯ ಕಾಫಿ ಕುಡಿದುದಕ್ಕೂ ಒಬ್ಬನು ಕೈತೊಳೆಯಲು ಎದ್ದುಹೋದ ಹೊತ್ತಿನಲ್ಲಿ, ಗಲ್ಲಾಪೆಟ್ಟಿಗೆಯ ಮುಂದೆ ಜೇಬು ತಡಕುತ್ತ ನಿಂತಿರುವ ಇನ್ನೊಬ್ಬನೇ ಆ ‘ಒನ್’.