ಅರ್ಧ ವಾಟಿನ ಶ್ರೋತೃವರ್ಯರು

ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಕೆಳದಿ ಸೀಮೆಯ ತೋಟಿಗರಲ್ಲಿ ಕೆಲವರು ಜಗಲಿಗೆ ಹೊಸ ಕಲ್ಲು ಹಾಸಿಸುತ್ತಾರೆ, ಕೆಲವರು ಕಾರು ಬದಲಿಸುತ್ತಾರೆ, ಮತ್ತೆ ಕೆಲವರು ಮಗಳ ಮದುವೆಯನ್ನು ಸಾಗರದ ಕಲ್ಯಾಣಮಂಟಪದಲ್ಲಿ ಮಾಡಿ ಊರೆಲ್ಲ ಉಂಡು ಹೊಗಳುವಂತೆ ನಡೆಸುತ್ತಾರೆ. ಇವೆಲ್ಲ ಲೋಕಕ್ಕೆ ಅರ್ಥವಾಗತಕ್ಕ ವ್ಯಯಗಳು. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಊರಿಗೊಬ್ಬರಲ್ಲದಿದ್ದರೂ ಹೋಬಳಿಗೊಬ್ಬರಾದರೂ ಸಿಕ್ಕಬಹುದಾದ ಬೇರೊಂದು ಬಗೆಯ ಗೃಹಸ್ಥರುಂಟು. ಮಂಡಿಯಿಂದ ಬಂದ ಹಣದಲ್ಲಿ ಮೈಲುತುತ್ತಕ್ಕೂ ಕೊನೆಗಾರನ ಕೂಲಿಗೂ ಆಗುವಷ್ಟನ್ನು ತೆಗೆದಿಟ್ಟು, ಉಳಿದುದನ್ನು ಇವರು ತಮ್ಮ ಎರಡು ಕಿವಿಗಳಿಗೆ ಸಮಭಾಗವಾಗಿ ಸಮರ್ಪಿಸುತ್ತಾರೆ. ಹೆಸರು ಹೇಳುವುದು ಸೌಜನ್ಯವಲ್ಲವಾದ್ದರಿಂದ ಇಂಥವರನ್ನು ಶ್ರೋತೃವರ್ಯರೆಂದು ಕರೆಯೋಣ.

ಶ್ರೋತೃವರ್ಯರು ಐವತ್ತು ದಾಟಿದವರು. ಉಟ್ಟದ್ದು ಪಂಚೆ, ಬಾಯಲ್ಲಿ ಕವಳ, ತಲೆಯ ಮೇಲೆ 502 ಗ್ರಾಂ ತೂಗುವ, ಹೈಫೈಮನ್ ಕಂಪನಿಯ ಹೆಚ್‌ಇ-6 ಎಂಬ ಪ್ಲೇನಾರ್ ಮ್ಯಾಗ್ನೆಟಿಕ್ ಹೆಡ್‌ಫೋನು. ಅಳಿಯನ ಕೈಯಲ್ಲಿ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡಿನಲ್ಲಿ ತರಿಸಿದ್ದು. ನಿಜವಾದ ಬೆಲೆ ಮಾವ ಅಳಿಯಂದಿರಿಬ್ಬರಿಗೆ ಮಾತ್ರ ತಿಳಿದಿದ್ದು, ಮನೆಯಾಕೆಗೆ ನಿವೇದಿಸಿರುವ ಅಂಕಿಯಲ್ಲಿ ಒಂದು ಸೊನ್ನೆ ಕಡಿಮೆಯಿರುತ್ತದೆ. ಅದೇ ಕಂಪನಿಯು 2017ರಲ್ಲಿ ಆರು ಸಾವಿರ ಡಾಲರಿಗೆ ಮಾರಾಟಕ್ಕಿಟ್ಟ ‘ಸುಸ್ವರ’ವೆಂಬ ಮಾದರಿಯ ವರ್ಣಚಿತ್ರವೊಂದು ದೇವರ ಪಟಗಳ ಸಾಲಿಗೆ ತುಸು ಕೆಳಗೆ, ಆದರೆ ಪಿತೃಗಳ ಫೋಟೋಗಳಿಗೆ ತುಸು ಮೇಲೆ, ಗೋಡೆಯಲ್ಲಿ ವಿರಾಜಿಸುತ್ತಿದೆ. ಸಂಗೀತಶಾಸ್ತ್ರವನ್ನೂ ಒಳಗೊಂಡ ‘ಶಿವತತ್ತ್ವರತ್ನಾಕರ’ವನ್ನು ರಚಿಸಿದ ಬಸವಪ್ಪನಾಯಕನು ಆಳಿದ ನೆಲದಲ್ಲಿ ಹುಟ್ಟಿದವರಿಗೆ ಶ್ರವಣಸೂಕ್ಷ್ಮತೆ ಸಹಜವಲ್ಲವೆ ಎಂಬುದು ಈ ವಿಷಯದಲ್ಲಿ ಅವರು ಕೊಡುವ ಐತಿಹಾಸಿಕ ಸಮರ್ಥನೆ.

ಅವರ ಯಂತ್ರತತ್ತ್ವವನ್ನು ಕೇಳದೆ ಆ ಮನೆಯಲ್ಲಿ ಯಾರಿಗೂ ಕಷಾಯ ದೊರೆತದ್ದಿಲ್ಲ. ಸಾಧಾರಣ ಹೆಡ್‌ಫೋನಿನಲ್ಲಿ ಪೊರೆಯ ಬೆನ್ನಿಗೆ ಅಂಟಿಸಿದ ಸಣ್ಣ ತಂತಿಸುರುಳಿಯು ಅಯಸ್ಕಾಂತದ ಇಕ್ಕಟ್ಟಾದ ಸಂದಿಯಲ್ಲಿ ಆಡುತ್ತದೆ; ಇದರಲ್ಲಾದರೋ ಕೂದಲಿಗಿಂತ ತೆಳುವಾದ ಸಪಾಟು ಪೊರೆ, ಅದರ ಮೈಮೇಲೆಲ್ಲ ಹರಡಿದ ಲೋಹದ ಗೆರೆಗಳು, ಇಬ್ಬದಿಯಲ್ಲಿ ಸಾಲುಸಾಲಾಗಿ ನಿಲ್ಲಿಸಿದ ಅಯಸ್ಕಾಂತಗಳು. ವಿದ್ಯುತ್ತು ಹರಿದಾಗ ಪೊರೆಯು ಇಡಿಯಾಗಿ ಒಮ್ಮೆಗೇ ಚಲಿಸುವುದರಿಂದ ಮಂದ್ರಸ್ವರವು ಕೆಳಗಿನವರೆಗೂ ಬಿಗಿಯಾಗಿರುತ್ತದೆ, ವಿಕೃತಿ ಕಡಿಮೆಯಾಗುತ್ತದೆ, ಮದ್ದಳೆಯ ಪೆಟ್ಟು ಮುಗಿದೊಡನೆ ಅದರ ನಾದವೂ ಮರ್ಯಾದೆಯಿಂದ ಮುಗಿಯುತ್ತದೆ. ಈ ವಿದ್ಯೆಯೇನೂ ನಿನ್ನೆಯದಲ್ಲ. ಜಪಾನಿನ ಯಮಹಾ ಕಂಪನಿಯವರು 1976ರಲ್ಲಿಯೇ ಹೆಚ್‌ಪಿ-1 ಎಂಬುದನ್ನು ಇದೇ ಕ್ರಮದಲ್ಲಿ ಮಾಡಿದ್ದರು. ಪೊರೆಗೂ ಅಯಸ್ಕಾಂತಕ್ಕೂ ನಡುವೆ ಉಳಿಯುವ ಅಂತರದ ದೆಸೆಯಿಂದ ಬಲವು ಬಹುಮಟ್ಟಿಗೆ ಸೋರಿಹೋಗುತ್ತದೆ ಎಂಬುದೊಂದೇ ಇದರ ದೋಷ. ಆ ದೋಷವೇ ಶ್ರೋತೃವರ್ಯರ ಜೀವನಕ್ಕೆ ಒಂದು ಗುರಿಯನ್ನು ಒದಗಿಸಿದೆ.

ಇಲ್ಲಿಂದ ಮುಂದೆ ಅವರು ಗಣಿತಜ್ಞರು. ಮಂಡಿಯ ಚೀಟಿಯೊಂದನ್ನು ಮಗುಚಿ, ಕಿವಿಯ ಸಂದಿಯ ಪೆನ್ನನ್ನು ತೆಗೆದು, ಹೆಡ್‌ಫೋನಿನ ರೋಧ 50 ಓಮ್, ಒಂದು ಮಿಲಿವಾಟಿಗೆ ಅದು ಕೊಡುವ ಶಬ್ದ 83.5 ಡೆಸಿಬೆಲ್ ಎಂದು ಬರೆಯುತ್ತಾರೆ. ಹತ್ತು ಡೆಸಿಬೆಲ್ ಏರಬೇಕಾದರೆ ವಿದ್ಯುತ್ತು ಹತ್ತುಪಟ್ಟಾಗಬೇಕು. ಒಂದು ವೋಲ್ಟು ಕೊಡುವ ಮೊಬೈಲಿಗೆ ಇದನ್ನು ಸಿಕ್ಕಿಸಿದರೆ ಹುಟ್ಟುವುದು 20 ಮಿಲಿವಾಟು, ಅಲ್ಲಿಗೆ 96.5 ಡೆಸಿಬೆಲಿಗೆ ಉಸಿರು ನಿಂತಿತು. ಚಂಡೆಯ ಏರುಪೆಟ್ಟು ಬಿರಿಯದೆ ಕೇಳಬೇಕಾದರೆ 110ರವರೆಗೆ ಅವಕಾಶವಿರಬೇಕು, ಅದಕ್ಕೆ ಸುಮಾರು 450 ಮಿಲಿವಾಟು, ಎಂದರೆ ಹತ್ತಿರ ಹತ್ತಿರ ಅರ್ಧ ವಾಟು. “ವರ್ಷವಿಡೀ ನಾಲ್ಕು ಜನ ಉಣ್ಣುವ ಮನೆಯಲ್ಲಿ ಸಮಾರಾಧನೆಗೆಂದು ಕೊಪ್ಪರಿಗೆ ಇಟ್ಟುಕೊಳ್ಳುವುದಿಲ್ಲವಾ ಭಾವ, ಹಾಗೆ,” ಎಂದು ಅವರು ಚೀಟಿಯನ್ನು ನಮ್ಮ ಕಡೆಗೆ ಸರಿಸುತ್ತಾರೆ. ಲೆಕ್ಕವನ್ನು ನಾನು ಬೇರೆಯಾಗಿ ಮಾಡಿ ನೋಡಿದ್ದೇನೆ, ಅದರಲ್ಲಿ ತಪ್ಪಿಲ್ಲ. ಆದರೆ ಶ್ರೋತೃವರ್ಯರು ನಿತ್ಯ ಕೇಳುವ ಮಟ್ಟಕ್ಕೆ ಒಂದು ಮಿಲಿವಾಟು ಸಾಕೆಂಬುದೂ ಅದೇ ಚೀಟಿಯ ಅದೇ ಲೆಕ್ಕದಿಂದ ಸಿದ್ಧವಾಗುತ್ತದೆ. ಆ ಸಾಲನ್ನು ಅವರು ಹೆಬ್ಬೆರಳಿನಿಂದ ಮುಚ್ಚಿ ಹಿಡಿದಿರುತ್ತಾರೆ.

ಈ ಅರ್ಧ ವಾಟನ್ನು ಸಂಪಾದಿಸುವುದು ಕೆಳದಿ ಸೀಮೆಯಲ್ಲಿ ಸುಲಭವೆಂದು ಹೊರಗಿನವರು ಭಾವಿಸಬಹುದು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದು, ಶರಾವತಿಯ ಕಣಿವೆಯ ಊರು, ತೋಟ, ದೇವಸ್ಥಾನಗಳನ್ನು ನೀರು ನುಂಗಿ, ಅದರ ಫಲವಾಗಿ 1035 ಮೆಗಾವಾಟಿನ ವಿದ್ಯುದಾಗಾರವು ನಾಡಿಗೆಲ್ಲ ಬೆಳಕು ಕೊಟ್ಟಿತು. ಆ ಬೆಳಕಿನ ದೊಡ್ಡ ತಂತಿಗಳು ಶ್ರೋತೃವರ್ಯರ ಬೆಟ್ಟದ ಮೇಲೆಯೇ ಹಾದುಹೋಗುತ್ತವೆ. ಅವರ ಮನೆಯ ತಂತಿ ಮಾತ್ರ ಬೇರೆ. ಆರಿದ್ರಾ ಮಳೆಯ ಮೊದಲ ಗಾಳಿಗೇ ಅದರ ಮೇಲೆ ಮರ ಬೀಳುತ್ತದೆ, ಬಿದ್ದದ್ದು ಮೂರು ದಿನವಾದರೂ ಏಳುವುದಿಲ್ಲ. ಇಂಥ ಒಂದು ಸಂಜೆ ಅವರು ಲೈನ್‌ಮನ್‌ಗೆ ಫೋನು ಮಾಡಿ, “ಮಾರಾಯ, ಊರಿಗೆಲ್ಲ ಯಾವಾಗ ಬೇಕಾದರೂ ಕೊಡು, ನನಗೆ ಅರ್ಧ ವಾಟು ಆದರೆ ಸಾಕಿತ್ತು,” ಎಂದರಂತೆ. ಕಂಬ ಹತ್ತಿ ನಿಂತಿದ್ದ ಆತನು ಮಳೆಯಲ್ಲಿ ಏನು ಉತ್ತರ ಕೊಟ್ಟನೋ, ಶ್ರೋತೃವರ್ಯರು ಅದನ್ನು ನಮಗೆ ಹೇಳಿಲ್ಲ. ಕರೆಂಟು ಇದ್ದಾಗಲೂ ಅವರಿಗೆ ನೆಮ್ಮದಿಯಿಲ್ಲ. ಕೊಯ್ಲಿನ ಕಾಲದಲ್ಲಿ ನೆರೆಮನೆಯ ಅಡಿಕೆ ಸುಲಿಯುವ ಯಂತ್ರ ಶುರುವಾದರೆ ತಾರಸ್ಥಾಯಿ ಒರಟಾಯಿತೆನ್ನುತ್ತಾರೆ. ಪಂಪ್‌ಸೆಟ್ಟುಗಳೆಲ್ಲ ನಿಂತು ಊರು ಮಲಗಿದ ಮೇಲೆ, ರಾತ್ರಿ ಹನ್ನೊಂದರ ನಂತರ ಬರುವ ಕರೆಂಟೇ ಶುದ್ಧವಾದದ್ದೆಂದು ಅವರ ದೃಢವಾದ ನಂಬಿಕೆ.

ಆಂಪ್ಲಿಫೈಯರುಗಳು ಅವರಲ್ಲಿ ನಾಲ್ಕಿವೆ. ಒಂದು ಕ್ಲಾಸ್ ಎ ಪಂಗಡದ್ದು. ಗೋಡೆಯಿಂದ ನಲವತ್ತು ವಾಟು ಸೆಳೆದು, ಅರ್ಧ ವಾಟನ್ನು ಕಿವಿಗೆ ಕೊಟ್ಟು, ಉಳಿದುದರಲ್ಲಿ ತನ್ನನ್ನೇ ಕಾಯಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಮನೆಯ ಬೆಕ್ಕು ಅದರ ಮೇಲೆಯೇ ಮಲಗುತ್ತದೆ; ಬೂಷ್ಟು ಹಿಡಿದ ಕಿವಿಮೆತ್ತೆಗಳನ್ನು ಬೆಕ್ಕಿನ ಪಕ್ಕದಲ್ಲಿಟ್ಟು ಒಣಗಿಸುವುದೂ ಉಂಟು. ಸ್ಪೀಕರು ನಡೆಸುವ ಆಂಪ್ಲಿಫೈಯರಿಗೆ ನೇರವಾಗಿ ಈ ಹೆಡ್‌ಫೋನನ್ನು ಜೋಡಿಸಿಕೊಳ್ಳುವ ಸಾಹಸಿಗಳು ಲೋಕದಲ್ಲಿ ಅನೇಕರಿದ್ದಾರೆಂದು ಎಲ್ಲಿಯೋ ಓದಿದಂದು, ಅವರು ಗಣಪತಿ ಹಬ್ಬಕ್ಕೆ ಮೈಕು ಕಟ್ಟುವವನ ಬಳಿ ಹಳೆಯ ಸ್ಟೀರಿಯೋ ಆಂಪ್ಲಿಫೈಯರೊಂದನ್ನು ಕೇಳಲು ಹೋದರು.

“ಬಾಕ್ಸು ಎಷ್ಟು ಸ್ವಾಮಿ?”

“ಎರಡು.”

“ಎಲ್ಲಿಗೆ ಕಟ್ಟಬೇಕು, ಕಂಬಕ್ಕಾ ಮರಕ್ಕಾ?”

“ಕಿವಿಗೆ.”

ಮೈಕಿನವನು ಹಣವನ್ನು ಮೊದಲೇ ಎಣಿಸಿಕೊಂಡನೆಂದು ಕೇಳಿದ್ದೇನೆ.

ಅತಿಥಿಯಾಗಿ ಹೋದವನಿಗೆ ಪರೀಕ್ಷೆ ತಪ್ಪದು. ನನ್ನ ತಲೆಯ ಮೇಲೆ ಅರ್ಧ ಕಿಲೋ ಭಾರವನ್ನು ಸ್ಥಾಪಿಸಿ, 1990ರಲ್ಲಿ ತೀರಿಕೊಂಡ ಕಾಳಿಂಗ ನಾವಡರ ಯಕ್ಷಗಾನ ಭಾಗವತಿಕೆಯ ಹಳೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಧ್ವನಿಯನ್ನು ಹಚ್ಚಿದರು. ಸತ್ಯವನ್ನು ಹೇಳಬೇಕಾದರೆ ಕೇಳಿದ್ದು ಅಪೂರ್ವವಾಗಿತ್ತು. ನಾವಡರ ಏರುಸ್ವರವು ಚಂಡೆಯ ಗದ್ದಲದಲ್ಲಿ ಮುಳುಗದೆ ಪ್ರತ್ಯೇಕವಾಗಿ ನಿಂತಿತ್ತು, ಮದ್ದಳೆಯ ಎಡ ಬಲ ಮುಖಗಳೆರಡೂ ಬೇರೆ ಬೇರೆಯಾಗಿ ಮಾತಾಡುತ್ತಿದ್ದವು. ನಾನು ತಲೆದೂಗಲು ಹವಣಿಸುತ್ತಿದ್ದಂತೆ ಶ್ರೋತೃವರ್ಯರು ಮೊಣಕೈ ತಿವಿದರು.

“ಬಂತಾ? ಈಗ ಬಂತು ನೋಡಿ. ಹಿಂದೆ, ದೂರದಲ್ಲಿ.”

“ಎಂತದು?”

“ಕೆಮ್ಮಿದರಲ್ಲ, ಅದು. ಮೊಬೈಲಿಗೆ ಹಾಕಿ ಕೇಳಿದರೆ ಈ ಕೆಮ್ಮು ಇಲ್ಲವೇ ಇಲ್ಲ.”

ಪದ್ಯವು ಯಾವ ಪ್ರಸಂಗದ್ದೆಂದು ಕೇಳಿದೆ. ಅವರು ಕ್ಷಣಕಾಲ ಯೋಚಿಸಿ, “ಪ್ರಸಂಗಕ್ಕೆ ಇನ್ನೂ ಬಂದಿಲ್ಲ ಭಾವ, ಕೇಬಲ್ಲೇ ಪಳಗಿಲ್ಲ,” ಎಂದರು. ಬೆನ್ನು ತೆರೆದ ಹೆಡ್‌ಫೋನಾದ್ದರಿಂದ ಒಳಗಿನ ನಾದವೆಲ್ಲ ಹೊರಕ್ಕೆ ಹರಿಯುತ್ತದೆ, ಅಡಿಗೆಮನೆಯಿಂದ ಮನೆಯಾಕೆ, “ಭೀಷ್ಮವಿಜಯದ್ದು, ಅಂಬೆಯ ಪದ್ಯ. ದಿನಾ ಇಲ್ಲಿಗೇ ಕೇಳ್ತದೆ,” ಎಂದು ಸಾರಿದರು. ಹೊರಗಿನದು ಒಳಕ್ಕೆ ಬರುವುದಕ್ಕೂ ಅದೇ ದಾರಿ. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಸುರಿಯುವ ಊರುಗಳ ಸಾಲಿನಲ್ಲಿರುವ ಹುಲಿಕಲ್ಲು ಹೊಸನಗರಕ್ಕೂ ಆಗುಂಬೆ ತೀರ್ಥಹಳ್ಳಿಗೂ ಸೇರಿರುವಾಗ, ಆಷಾಢದಲ್ಲಿ ಹೆಂಚಿನ ಮಾಡಿನ ಕೆಳಗೆ ಇಂಥ ಯಂತ್ರವನ್ನು ಧರಿಸಿ ಕೂರುವವರು ಭಾಗವತರನ್ನೂ ಮಳೆಯನ್ನೂ ಕಪ್ಪೆಗಳನ್ನೂ ಸಮಪ್ರಮಾಣದಲ್ಲಿ ಆಲಿಸಬೇಕಾಗುತ್ತದೆ.

ಶ್ರೋತೃವರ್ಯರ ವಿಷಯದಲ್ಲಿ ನನ್ನ ತೀರ್ಪು ಹೀಗಿದೆ: ವಾಟಿನ ಮಾತಿನಲ್ಲಿ ಅವರು ಸತ್ಯಸಂಧರು, ಕೇಬಲಿನ ಮಾತಿನಲ್ಲಿ ಕವಿಗಳು. ಈ ಜಾತಿಯ ಹೆಡ್‌ಫೋನಿನ ರೋಧವು ಮಂದ್ರದಿಂದ ತಾರದವರೆಗೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಬೇಕಾದಷ್ಟು ವಿದ್ಯುತ್ತು ಕೊಡಬಲ್ಲ, ಗುಂಯ್‌ಗುಡದ ಒಂದು ಸಾಧಾರಣ ಆಂಪ್ಲಿಫೈಯರು ಸಿಕ್ಕಿದ ಮೇಲೆ ಎರಡನೆಯದು ಬೆಕ್ಕಿಗೆ ಮಾತ್ರ ಉಪಯೋಗ. ಇಂಥದನ್ನು ಕೊಳ್ಳಹೊರಟ ಓದುಗರು ಡಬ್ಬಿಯ ಮೇಲಿನ ಓಮ್, ಡೆಸಿಬೆಲ್ ಎರಡು ಅಂಕಿಗಳನ್ನೂ ಒಟ್ಟಿಗೆ ನೋಡಿರಿ. ಒಂದು ಮಿಲಿವಾಟಿಗೆ 95ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಮೊಬೈಲಿನ ಸಣ್ಣ ಆಂಪ್ ಸಾಕು, 85ಕ್ಕಿಂತ ಕೆಳಗಿದ್ದರೆ ಒಂದು ವಾಟು ಕೊಡುವುದನ್ನು ತಕ್ಕೊಳ್ಳಿ. ಹೆಚ್ಚಿನ ವಿವರ ಬೇಕಾದವರು ಶ್ರೋತೃವರ್ಯರಲ್ಲಿಗೆ ಹೋಗಬಹುದು. ಹೋದರೆ ರಾತ್ರಿ ಹನ್ನೊಂದರ ಕರೆಂಟಿನವರೆಗೆ ಬಿಡುವುದಿಲ್ಲ, ಆದರೆ ಆ ಮನೆಯ ತಂಬುಳಿ ಊಟ ಬಹಳ ಚೆನ್ನಾಗಿರುತ್ತದೆ.